ಗಡಿಯಾರಗಳಿಗೆ ಪರೀಕ್ಷೆ ಇಡುವ ಚಿಕ್ಕಪ್ಪ

ಸೂರ್ಯ ಹುಟ್ಟಿದ ಎಂದರೂ ನಮ್ಮ ಚಿಕ್ಕಪ್ಪ ನಂಬುವವರಲ್ಲ. ‘ಎಷ್ಟು ಸೆಕೆಂಡ್ ಲೇಟು?’ ಎಂದು ಕೇಳುತ್ತಾರೆ! ಪಿರಿಯಾಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಅವರ ಕಸುಬು. ಕಸುಬು ತಲೆ ಕೆಡಿಸಿತೋ, ಕೆಟ್ಟ ತಲೆಗೆ ಆ ಕಸುಬು ಸಿಕ್ಕಿತೋ, ಚಿಕ್ಕಮ್ಮನಿಗೂ ಗೊತ್ತಿಲ್ಲ.

“ಕಂಪ್ಯೂಟರ್ ಆನ್ ಆದ ತಕ್ಷಣ ಏನ್ ಮಾಡ್ತದೆ ಗೊತ್ತೇನ್ಲಾ?” ಎಂದು ಒಮ್ಮೆ ನನ್ನನ್ನು ಹಿಡಿದು ಕೂರಿಸಿದರು. “ಒಳಗೆ ಯಾವ್ಯಾವ ಗಡಿಯಾರ ಅವೆ ಅಂತ ಪಟ್ಟಿ ನೋಡ್ತದೆ. ಒಂದ್ಕೆ ಸ್ವಂತ ಸೆಲ್ಲು, ಕರೆಂಟ್ ಓದ್ರೂ ಓಡ್ತಿರ್ತದೆ. ಮಿಕ್ಕವು ಬರೀ ಟಿಕ್ ಟಿಕ್ ಎಣ್ಸೋವು. ಒಂದ್ನ ಇನ್ನೊಂದ್ರ ಜೊತೆ ತಾಳೆ ನೋಡಿ, ತಪ್ಪೋದನ್ನ ಮೂಲೇಗ್ ಕೂರುಸ್ತದೆ. ಅಂಗಿರ್ಬೇಕು ಕಣ್ಲಾ ಮನುಷ್ಯ!”

ಅಂದಮೇಲೆ ಇವರು ಸುಮ್ಮನಿರುತ್ತಾರೆಯೇ? ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲು ಗೋಡೆ ಗಡಿಯಾರ, ಮನೆಯವರ ಮೊಬೈಲು ಎಲ್ಲವನ್ನೂ ತಾಳೆ ನೋಡಬೇಕು. ಬೆಟ್ಟದಪುರದಲ್ಲಿ ನನ್ನ ತಂಗಿಯ ಧಾರೆಯ ಹೊತ್ತಿಗೆ ಪುರೋಹಿತರ ವಾಚು, ಛತ್ರದ ಗಡಿಯಾರ, ಬೀಗರ ಮೊಬೈಲು ಮೂರನ್ನೂ ಸೇರಿಸಿ ಪಂಚಾಯ್ತಿಯನ್ನೇ ಶುರು ಮಾಡಿದರು. ಪುರೋಹಿತರು ಕೈಮುಗಿದರು: “ನಿಮ್ಮ ಪರೀಕ್ಷೆ ಮುಗಿಯೋ ಹೊತ್ಗೆ ಮುಹೂರ್ತಾನೇ ಮುಗ್ದಿರ್ತದೆ ಕಣ್ರೀ! ತಾಳಿ ಕಟ್ಟಿಸ್ಲೋ ಬೇಡ್ವೋ?”

ಇಂಥವರ ಮನೆಯಲ್ಲೇ ನಮ್ಮಜ್ಜಿಗೆ, ಅಂದರೆ ಚಿಕ್ಕಪ್ಪನ ತಾಯಿಗೆ, ಈ ವರ್ಷ ಮರೆವು ಶುರುವಾಗಬೇಕೆ! ಅಜ್ಜಿ ಸಂಜೆಯನ್ನು ಬೆಳಿಗ್ಗೆ ಎನ್ನುತ್ತಿದ್ದರು. ಚಿಕ್ಕಪ್ಪ ಬಿಡದೆ ತಿದ್ದುತ್ತಿದ್ದರು: “ಅವ್ವಾ, ಇದು ಸಂಜೆ. ಇವತ್ತು ಗುರುವಾರ. ಎಲ್ಲಿ, ಅನ್ನು ನೋಡಾನ!” ಬರುಬರುತ್ತಾ ಮಗನನ್ನು ಕಂಡರೇ ಅಜ್ಜಿಗೆ ಭಯವಾಗತೊಡಗಿತು. ಊಟವನ್ನೂ ಬಿಟ್ಟರು. ನನಗೆ ಚಿಕ್ಕಪ್ಪನ ಮೇಲೆ ನಿಜವಾಗಿಯೂ ಕೋಪ ಬಂತು.

ಕಳೆದ ವಾರ ಸಂಜೆ ನಾನು ಹೋದಾಗ ಅಜ್ಜಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಇಸ್ಕೂಲ್ಗೆ ಒತ್ತಾಯ್ತು ಮಗಾ, ಮುದ್ದೆ ಉಂಡ್ಕಂಡ್ ಓಗು” ಎಂದರು ಚಿಕ್ಕಪ್ಪನಿಗೆ. ಶುರುವಾಯಿತಪ್ಪಾ ಎಂದುಕೊಂಡೆ. ಚಿಕ್ಕಪ್ಪ ಅಭ್ಯಾಸದಂತೆ ವಾಚು ನೋಡಿದರು. ಅದನ್ನು ಕಂಡದ್ದೇ ಅಜ್ಜಿ ತಟ್ಟೆ ಸಮೇತ ಬಾಗಿಲ ಮರೆಗೆ ಸರಿದರು.

ಚಿಕ್ಕಪ್ಪ ಅದನ್ನೇ ನೋಡುತ್ತಾ ನಿಂತರು. ಆಮೇಲೆ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು, ಆ ಐವತ್ತೆಂಟರ ಮನುಷ್ಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು.

“ಬೇಗ ಇಕ್ಕವ್ವ, ಮೇಷ್ಟ್ರು ಒಡೀತಾರೆ. ನೀನೂ ಉಣ್ಬೇಕು, ಇಲ್ದಿದ್ರೆ ನಾ ಇಸ್ಕೂಲ್ಗೆ ಓಗಾಕಿಲ್ಲ.”

ಅಜ್ಜಿ ನಕ್ಕರು. ಮಗನ ತಟ್ಟೆಯಿಂದಲೇ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು. ಚಿಕ್ಕಪ್ಪ ಕಣ್ಣು ಒರೆಸಿಕೊಳ್ಳುತ್ತಾ ಉಣ್ಣುತ್ತಲೇ ಇದ್ದರು. ನಾನೂ ಬೆಳಗಿನ ಊಟಕ್ಕೆಂದು ಅವರ ಪಕ್ಕದಲ್ಲಿ ಕುಳಿತೆ.