ಅಜ್ಜಿಯ ಫೋಟೋಕ್ಕೆ ಯಾವ ಕ್ಯಾಮೆರಾ?

ನಮ್ಮ ಕಾಕಾ ಓಣಿಗೆ ಕಾಲಿಟ್ಟರೆ ಸಾಕು, ಎಂಬತ್ತು ದಾಟಿದವರೆಲ್ಲ ಹಿತ್ತಲ ಬಾಗಿಲು ಹುಡುಕುತ್ತಾರೆ! ನಂಬುವುದಿಲ್ಲವೇ? ಬೇಡ ಬಿಡಿ. ಸಾಕ್ಷಿಯಿಲ್ಲದೆ ನಾನೂ ಯಾವುದನ್ನೂ ನಂಬುವವಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಅಷ್ಟು. ಆದ್ದರಿಂದ ಮೊದಲು ಸಾಕ್ಷಿ ಹಾಜರುಪಡಿಸುತ್ತೇನೆ.

ಬೆಟಗೇರಿಯಲ್ಲಿ ಕಾಕಾನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಅಳತೆಯ ಗಂಟುಮುಖ, ಎಲ್ಲವನ್ನೂ ತೆಗೆಯುತ್ತಾನೆ. ಆದರೆ ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ಅವನು ಹೆಸರಾಗಿರುವುದು ‘ಗ್ವಾಡಿ ಫೋಟೋ’ಕ್ಕೆ. ಅಂದರೆ ಗೋಡೆಯ ಫೋಟೋ. ಮನೆಯ ಹಿರಿಯರು ಇನ್ನೂ ಗಟ್ಟಿಯಾಗಿ ಎದ್ದು ಕೂರುತ್ತಿರುವಾಗಲೇ ಅವರದೊಂದು ಚೆಂದದ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಟ್ರಂಕಿನ ತಳದಲ್ಲಿಟ್ಟಿರುತ್ತಾರೆ. ಮುಂದೆಂದೋ ಒಂದು ದಿನ ಅದು ಹೊರಗೆ ಬಂದು, ಗೋಡೆಯೇರಿ, ಮಾಲೆ ಹಾಕಿಸಿಕೊಳ್ಳುತ್ತದೆ. ಹೀಗೆ ಮೊದಲೇ ತೆಗೆಸದಿದ್ದರೆ ಏನಾಗುತ್ತದೆ ಗೊತ್ತೇ? ಅಳುವಿನ ನಡುವೆ ಯಾರೋ ರೇಷನ್ ಕಾರ್ಡಿನ ಚಿತ್ರವನ್ನೇ ಹಿಗ್ಗಿಸಿಬಿಡುತ್ತಾರೆ. ಬದುಕಿದ್ದಷ್ಟು ದಿನ ನಕ್ಕು ನಗಿಸಿದ ಮುದುಕಿ ಆಮೇಲೆ ಗೋಡೆಯ ಮೇಲಿಂದ, ಕದ್ದು ಸಿಕ್ಕಿಬಿದ್ದವಳಂತೆ, ಮೊಮ್ಮಕ್ಕಳನ್ನು ದಿಟ್ಟಿಸುತ್ತ ಕೂರಬೇಕು!

ಅದಕ್ಕೇ ಕಾಕಾನಿಗೆ ಬೇಡಿಕೆ. ಅದಕ್ಕೇ ಕಾಕಾನೆಂದರೆ ಭಯ.

ಒಮ್ಮೆ ಹೊಂಬಳದ ಒಂದು ಮನೆಯವರು ತಮ್ಮ ತಂದೆಯ ಫೋಟೋಕ್ಕೆಂದು ಕರೆಸಿದ್ದರು. ನಾನೂ ಜೊತೆಗೆ ಹೋಗಿದ್ದೆ. ಹೋಗಿ ನೋಡಿದರೆ ಅಜ್ಜನೇ ಇಲ್ಲ! ಮನೆಯಲ್ಲಿಲ್ಲ, ಕಟ್ಟೆಯಲ್ಲಿಲ್ಲ. ಕೊನೆಗೆ ಸಿಕ್ಕಿದ್ದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಹತ್ತಿಯ ಚೀಲಗಳ ಹಿಂದೆ.

“ನಾ ಇಳಿಯಂಗಿಲ್ಲಪಾ! ಇನ್ನೂ ಕಡ್ಲಿ ಕೀಳೂದೈತಿ, ಜ್ವಾಳದ ರಾಶಿ ಐತಿ. ರಾಶಿ ಮುಗದ ಮ್ಯಾಲ ಬಾ.”

“ಯಜ್ಜಾ, ಬರೇ ಫೋಟೋ ಐತಿ. ನಾ ಏನ್ ನಿನ್ನ ಕರಕೊಂಡ ಹೋಗಾಕ ಬಂದೇನೇನು?” ಎಂದ ಕಾಕಾ.

“ಮೂಲಿಮನಿ ಗೌಡಗೂ ಹಿಂಗ ಅಂದಿದ್ದಿ. ಈಗ ಎಲ್ಲದಾನ ಅಂವ?”

ಕಾಕಾನಿಗೆ ಸುಳ್ಳು ಹೇಳಲು ಬರುವುದಿಲ್ಲ. “ಗ್ವಾಡಿ ಮ್ಯಾಲ ಅದಾನ” ಎಂದುಬಿಟ್ಟ!

ಆ ದಿನ ಫೋಟೋ ಆಗಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ನಾನು ಸುಮ್ಮನೆ ಕೂರುತ್ತೇನೆಯೇ? ವಯಸ್ಸಾದವರು ಸಾಯುವುದು ವಯಸ್ಸಾಗಿದ್ದಕ್ಕೆ. ವಯಸ್ಸಾಗಿದೆಯೆಂದೇ ನಿನ್ನನ್ನು ಕರೆಸುತ್ತಾರೆ. ಎರಡಕ್ಕೂ ಒಂದೇ ಕಾರಣ, ಇದರಲ್ಲಿ ಕ್ಯಾಮೆರಾದ ತಪ್ಪೇನು ಬಂತು? ಎಂದು ಗದಗ ಬರುವವರೆಗೆ ವಾದಿಸಿದೆ. ಕಾಕಾ ನನ್ನನ್ನು ‘ವಕೀಲ್ರ’ ಎಂದೇ ಕರೆಯುವುದು. ಎಲ್ಲವನ್ನೂ ಕೇಳಿ ತಲೆಯಾಡಿಸಿದ.

“ಖರೆ ಐತ್ರಿ ವಕೀಲ್ರ. ಬ್ಯಾರೇದವ್ರ ಮನ್ಯಾಗ ಇದ್ದಾಗ ಭಾಳ ಖರೆ ಅನಸತೈತಿ.”

ಅದಾಗಿ ಸ್ವಲ್ಪ ದಿನಕ್ಕೇ ಪ್ರಶ್ನೆ ನಮ್ಮ ಮನೆಗೇ ಬಂತು. ಅಜ್ಜಿಗೆ, ಎಂದರೆ ಕಾಕಾನ ತಾಯಿಗೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಗದಗಿನ ಡಾಕ್ಟರು ಪರೀಕ್ಷೆ ಮಾಡಿ, ಕಾಕಾನನ್ನೂ ನನ್ನನ್ನೂ ಹೊರಗೆ ಕರೆದು, “ಹೃದಯ ದಣಿದಿದೆ. ಜೋಪಾನ ಮಾಡಿ, ಅಷ್ಟೇ” ಎಂದರು. ಆ ‘ಅಷ್ಟೇ’ ಎಂಬುದನ್ನು ಅಜ್ಜಿಗೆ ತಿಳಿಯದಂತೆ ನಾವಿಬ್ಬರೂ ಮುಖದಲ್ಲಿ ನಗು ಅಂಟಿಸಿಕೊಂಡು ಬಂದೆವು. ಅಜ್ಜಿ ಆಟೋದಲ್ಲಿ ಕುಳಿತವಳೇ ಮಗನ ಬೆನ್ನು ತಟ್ಟಿದಳು.

“ನಂದೊಂದು ಗ್ವಾಡಿ ಫೋಟೋ ತಗದಬಿಡಪಾ. ಊರ ಮಂದೀದೆಲ್ಲಾ ತಗದಿ.”

“ಆತವ್ವಾ” ಎಂದ ಕಾಕಾ. ಎಂದವನು, ಮನೆ ಮುಟ್ಟುವುದರೊಳಗೆ ಒಂದು ಸಮಸ್ಯೆ ಹುಡುಕಿಕೊಂಡ: ಯಾವ ಕ್ಯಾಮೆರಾದಲ್ಲಿ?

ಇಲ್ಲಿ ಎರಡೂ ಪಕ್ಷಗಳನ್ನು ಪರಿಚಯಿಸುವುದು ನ್ಯಾಯ. ಕಾಕಾನ ಹಳೆಯ ಕ್ಯಾಮೆರಾ ಡಿಎಸ್‌ಎಲ್‌ಆರ್ ವಂಶದ ತೀರ ಕೆಳಗಿನ ಮೆಟ್ಟಿಲಿನದು, ಕಲಿಯುವವರು ಕೊಳ್ಳುವಂಥದು. ಹಿಡಿಕೆಯ ರಬ್ಬರು ಕಿತ್ತು, ಗೋಂದಿನಲ್ಲಿ ಬದುಕಿದೆ. ನೆತ್ತಿಯ ಮೇಲೆ ತಿರುಗಿಸುವ ಗಾಲಿಯ ಅಕ್ಷರಗಳೆಲ್ಲ ಅಳಿಸಿಹೋಗಿವೆ. ಫೋಕಸ್ ಮಾಡಲು ಒಂಬತ್ತು ಚುಕ್ಕಿಗಳಿದ್ದರೂ ಕಾಕಾ ನಂಬುವುದು ನಡುವಿನ ಒಂದನ್ನೇ. ಉಳಿದ ಎಂಟನ್ನು ಅವನು ದೂರದ ನೆಂಟರಂತೆ ಕಾಣುತ್ತಾನೆ. ಬೆಳಕು ಸ್ವಲ್ಪ ಕಡಿಮೆಯಾದರೆ ಸಾಕು, ಚಿತ್ರದ ತುಂಬ ಯಾರೋ ರವೆ ಚೆಲ್ಲಿದಂತೆ ಕಾಳುಕಾಳು!

ಹೊಸದು ಅದೇ ವಂಶದ ಮೇಲಿನ ಮೆಟ್ಟಿಲಿನದು. ಕಾಕಾ ತಾನೇ ಹುಬ್ಬಳ್ಳಿಗೆ ಹೋಗಿ ತಂದದ್ದು. ಕತ್ತಲ ಕೋಣೆಯಲ್ಲೂ ಚಿತ್ರ ಸ್ವಚ್ಛ. ಹಿಂದಿನ ಪರದೆಯಲ್ಲಿ ನೋಡಿದರೆ ಎದುರಿಗಿದ್ದವರ ಕಣ್ಣನ್ನು ತಾನೇ ಹುಡುಕಿ ಸುತ್ತ ಒಂದು ಚೌಕ ಹಾಕುತ್ತದೆ. ಹಿಡಿದ ಕೈ ನಡುಗಿದರೂ ಲೆನ್ಸಿನೊಳಗೇ ಅದನ್ನು ಸರಿಪಡಿಸಿಕೊಳ್ಳುತ್ತದೆ. ಪ್ರತಿ ಅಮಾವಾಸ್ಯೆಗೆ ವಿಭೂತಿ ಹಚ್ಚಿಸಿಕೊಂಡು ಪೂಜೆಯನ್ನೂ ಪಡೆಯುತ್ತದೆ.

ಕಾಕಾನ ನಿಯಮ: ಮದುವೆಗೆ ಹೊಸದು, ಗೋಡೆಗೆ ಹಳೆಯದು. ಹಾಗಾದರೆ ತೊಡಕೆಲ್ಲಿ?

“ಹಳೇದರಾಗ ತಗದವ್ರೆಲ್ಲಾ ಒಬ್ಬೊಬ್ಬರಾಗಿ ಗ್ವಾಡಿ ಏರ‍್ಯಾರ. ಅದರ ಮುಂದ ಅವ್ವನ್ನ ಹೆಂಗ ಕುಂಡ್ರಸ್ಲಿ?” ಎಂದ.

“ಹಂಗಾದ್ರ ಹೊಸಾದರಾಗ ತಗಿ.”

“ಅದರಾಗ ಇನ್ನೂ ಯಾರದೂ ಗ್ವಾಡಿ ಫೋಟೋ ಆಗಿಲ್ಲ. ಶುರುವಾತು ಅವ್ವನಿಂದನ ಮಾಡ್ಲೇನು?”

ಓದುಗರೇ, ಎರಡೂ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಬೀದಿಯಲ್ಲಿ ನಿಂತವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಗೆ ಬನ್ನಿ!

ನನಗೆ ರೇಗಿತು. ಒಳಗೊಳಗೆ ದಿಗಿಲೂ ಆಯಿತು. ಡಾಕ್ಟರು ‘ಅಷ್ಟೇ’ ಎಂದಿದ್ದಾರೆ. ಅಜ್ಜಿ ದಿನಾ ಕೇಳುತ್ತಾಳೆ. ಇವನು ತೂಗುತ್ತ ಕುಳಿತರೆ, ನಾಳೆ ಅಜ್ಜಿಗೂ ರೇಷನ್ ಕಾರ್ಡಿನ ಚಿತ್ರವೇ ಗತಿಯಾದರೆ? ಪರೀಕ್ಷೆ ಮಾಡಿಯೇ ತೀರ್ಮಾನಿಸೋಣ ಎಂದೆ. ಕಾಕಾನಿಗೆ ಪರೀಕ್ಷೆ ಎಂಬ ಮಾತು ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಒಂದು ಮುಗಿಯುವುದರೊಳಗೆ ಇನ್ನೊಂದನ್ನು ಯೋಚಿಸಿಟ್ಟಿರುತ್ತಿದ್ದ.

ಮೊದಲ ಪರೀಕ್ಷೆ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಯಲ್ಲಿ. ಚಳಿಗಾಲ, ನೀರಿನ ತುಂಬ ದೂರದೇಶದ ಬಾತುಗಳು. ಕಾಕಾ ಎರಡೂ ಕ್ಯಾಮೆರಾಗಳನ್ನು ಕೊರಳಿಗೆ ಹಾಕಿಕೊಂಡು ದಂಡೆಯಲ್ಲಿ ಕುಕ್ಕರಗಾಲಲ್ಲಿ ಕುಳಿತ. ಹಿಂಡು ಎದ್ದಿತು. ಹಳೆಯದು ‘ಟಪ್’ ಎಂದಿತು. ಮೊದಲ ಚಿತ್ರದಲ್ಲಿ ಹಕ್ಕಿಯ ಬಾಲ, ಎರಡನೆಯದರಲ್ಲಿ ಹಕ್ಕಿ ಇದ್ದ ಜಾಗ. ಹೊಸದು ಗುಂಡು ಹಾರಿಸಿದಂತೆ ಸಾಲಾಗಿ ತೆಗೆಯಿತು. ಒಂದೊಂದು ಗರಿಯನ್ನೂ ಎಣಿಸಬಹುದಿತ್ತು.

“ಮುಗೀತು ಕಾಕಾ! ಇನ್ನೇನ ಸಾಕ್ಷಿ ಬೇಕು?”

“ಹಕ್ಕಿ ಹಾರತಾವ. ಅವ್ವ ಹಾರಂಗಿಲ್ಲಲ್ಲ. ಈ ಪರೀಕ್ಷಾ ನಡಿಯಂಗಿಲ್ಲ.”

“ಮತ್ತ ಇಲ್ಲಿಮಟ ಯಾಕ ಬಂದ್ವಿ?”

“ಹಕ್ಕಿ ನೋಡಾಕ!” ಎಂದವನೇ ಪಕ್ಕಕ್ಕೆ ಸರಿದು ಮನೆಗೆ ಫೋನ್ ಹಚ್ಚಿದ. ಎತ್ತಿದ್ದು ಅವನ ಹೆಂಡತಿ, ನಮ್ಮ ಕಾಕು. “ಹಳೇ ಕ್ಯಾಮೆರಾದ ಇನ್ನೊಂದು ಬ್ಯಾಟರಿ ಚಾರ್ಜಿಗೆ ಹಾಕಿಯೇನು? ಹಾಂ… ಮತ್ತ, ಅವ್ವ ಉಂಡ್ಳೇನು?”

ಅದೊಂದು ಹೊಸ ಚಟ ಅವನಿಗೆ. ಶಿರಹಟ್ಟಿಯ ಮದುವೆಯಿಂದ ಫೋನು, ಮುಂಡರಗಿಯ ಬಸ್‌ಸ್ಟ್ಯಾಂಡಿನಿಂದ ಫೋನು. ಕೇಳುವುದು ಬ್ಯಾಟರಿ, ಕಾರ್ಡು, ಸ್ಟ್ಯಾಂಡು. ಕೊನೆಯಲ್ಲಿ, ಈಗಷ್ಟೇ ನೆನಪಾದವನಂತೆ, ಅವ್ವ ಉಂಡ್ಳೇನು, ಅವ್ವ ಎದ್ದಾಳೇನು. “ಒಂದ್ ಬ್ಯಾಟರಿ ದಿನಕ್ಕ ಆರ್ ಸಲ ಹೆಂಗ ಚಾರ್ಜ್ ಮಾಡ್ಲಿರಿ?” ಎಂದು ಕಾಕು ಗದರಿದ್ದೂ ಆಯಿತು.

ನಾನೇನು ಕಡಿಮೆಯೇ? ಕಾಕಾನ ಮೂಢನಂಬಿಕೆಯನ್ನು ಪಾಯಿಂಟು ಪಾಯಿಂಟಾಗಿ ಖಂಡಿಸುವ ನಾನೇ, ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಹೊಸ್ತಿಲಲ್ಲಿ ನಿಂತು ಅವಳ ಸೆರಗು ಏರಿ ಇಳಿಯುತ್ತಿದೆಯೇ ಎಂದು ನೋಡತೊಡಗಿದ್ದೆ. ಒಂದು ಸಲ ಅಲ್ಲ, ಮೂರು ಸಲ ಏರಿಳಿದರೇನೇ ಸಮಾಧಾನ. ಸಾಕ್ಷಿ ಬೇಕಲ್ಲ!

ಎರಡನೆಯ ಪರೀಕ್ಷೆ ನಮ್ಮ ಅಂಗಳದಲ್ಲೇ. ಬೆಳಕು ನೋಡಲು ಅಜ್ಜಿಯನ್ನು ಬಿಸಿಲಲ್ಲಿ ಕೂರಿಸುವುದು ಬೇಡವೆಂದು ಕಾಕಾ ಕುರ್ಚಿಯ ಮೇಲೆ ಒಂದು ದೊಡ್ಡ ಕುಂಬಳಕಾಯಿ ಇಟ್ಟ. ಅದರ ತಲೆಗೆ ಸೆರಗು ಹೊದಿಸಿದ. ಸಾಲದೆಂದು ಅಜ್ಜಿಯ ಚಾಳೀಸು, ಅಂದರೆ ಕನ್ನಡಕ, ಏರಿಸಿದ! ಹೊಸ ಕ್ಯಾಮೆರಾ ಕುಂಬಳಕಾಯಿಯ ಕಣ್ಣು ಹುಡುಕಿ ಹುಡುಕಿ ಸೋತಿತು.

“ನೋಡು, ದಡ್ಡ ಐತಿ!” ಎಂದು ಕಾಕಾ ಕುಣಿದಾಡಿದ.

ಅಷ್ಟರಲ್ಲಿ ಚಾಳೀಸು ಹುಡುಕುತ್ತ ಗೋಡೆ ಹಿಡಿದು ಅಜ್ಜಿ ಹೊರಬಂದಳು. ಕುರ್ಚಿಯನ್ನು ನೋಡಿದಳು. ಮಗನನ್ನು ನೋಡಿದಳು. “ನನ್ನ ಬದಲಿ ಇದನ್ನ ತೂಗ ಹಾಕ್ತಿಯೇನೋ? ಹಾಕು. ಶ್ರಾವಣದಾಗ ಪಲ್ಯಾ ಮಾಡಾಕರ ಬರತೈತಿ.”

ಇನ್ನು ಪರೀಕ್ಷೆ ಸಾಕೆಂದು ನಾನೇ ನಿರ್ಧರಿಸಿದೆ. ಒಂದು ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಚರ್ಚಾಸ್ಪರ್ಧೆ ಏರ್ಪಟ್ಟಿತು. ವಿಷಯ: ಅಜ್ಜಿಯ ಫೋಟೋಕ್ಕೆ ಹೊಸ ಕ್ಯಾಮೆರಾವೇ ತಕ್ಕದ್ದು. ಪರವಾಗಿ ನಾನು, ವಿರೋಧವಾಗಿ ಕಾಕಾ, ಅಧ್ಯಕ್ಷಸ್ಥಾನದಲ್ಲಿ ಅಜ್ಜಿ. ಒಳಗೆ ಕಾಕು ಇಟ್ಟ ಕುಕ್ಕರು ಮೂರು ಸೀಟಿ ಹಾಕಿದರೆ ಒಬ್ಬರ ಸಮಯ ಮುಗಿದಂತೆ.

ಕಾಕಾ ಮೊದಲು ಎದ್ದ. “ಹೊಸಾದು ಮಾರಿ ಮ್ಯಾಲಿನ ಸುಕ್ಕು ಒಂದೂ ಬಿಡಂಗಿಲ್ಲ, ಎಲ್ಲಾ ಎಣಿಸಿ ತೋರಸತೈತಿ. ಹಳೇದಕ್ಕ ಅಷ್ಟು ಕಾಣಂಗಿಲ್ಲ, ಅದಕ್ಕ ಮರ್ಯಾದಿ ಐತಿ. ಮತ್ತ ಹಳೇದರ ಗಾಲಿ ನನ್ನ ಕೈಬಟ್ಟಿಗೆ ಗೊತ್ತೈತಿ. ಹೊಸಾದರಾಗ ಒಂದ್ ಗುಂಡಿ ಹುಡಕೂದ್ರಾಗ ಮೂರ್ ಪುಟದ ಪಟ್ಟಿ ಬರತೈತಿ. ಮತ್ತ…” ಎಂದು ತಡವರಿಸಿ, “ಮತ್ತ ಹೊಸಾದು ಭಾಳ ವಜ್ಜಾ ಐತಿ” ಎಂದು ಕುಳಿತುಬಿಟ್ಟ. ಕುಕ್ಕರು ಇನ್ನೂ ಒಂದೇ ಸೀಟಿ ಹಾಕಿತ್ತು.

ನಾನು ಎದ್ದೆ. ಬಿಡುತ್ತೇನೆಯೇ? ಕಾಳುಕಾಳು ಚಿತ್ರಗಳ ಮೇಲೆ ಮೊದಲ ಸೀಟಿಯವರೆಗೆ, ಕಣ್ಣಿನ ಚೌಕದ ಮೇಲೆ ಎರಡನೆಯದರವರೆಗೆ. ಕೈ ನಡುಗಿದರೂ ಚಿತ್ರ ನಡುಗದು ಎಂಬುದನ್ನು ಹಳೆಯದನ್ನೂ ಹೊಸದನ್ನೂ ಹಿಡಿದು ಅಲ್ಲಾಡಿಸಿಯೇ ತೋರಿಸಿದೆ. ಕೊನೆಗೆ ಬ್ರಹ್ಮಾಸ್ತ್ರ: “ಅಧ್ಯಕ್ಷರ, ಹೊಸ ಕ್ಯಾಮೆರಾದ ಮುಂದ ಇಲ್ಲಿತನಕ ಕುಂತವ್ರೆಲ್ಲಾ ಮದಿಮಕ್ಕಳು. ಒಬ್ಬರೂ ಗ್ವಾಡಿ ಏರಿಲ್ಲ. ಎಲ್ಲಾರೂ ಚಂದಂಗಿ ಜಗಳಾಡ್ಕೋತ ಅದಾರ. ಎದುರಾಳಿಗಳಿಗೆ ಅಂಜಿಕಿ ಇದ್ರ, ಅವರ ಅಂಜಿಕಿ ಪ್ರಕಾರನ ಹೊಸಾದ ಶುಭ!”

ಮೂರನೆಯ ಸೀಟಿ ಬಿತ್ತು. ಅಜ್ಜಿ ನಕ್ಕು ಕೆಮ್ಮಿದಳು, ಕೆಮ್ಮಿ ನಕ್ಕಳು. “ಹುಡಿಗಿ ಗೆದ್ದಾಳ. ಹೊಸಾದರಾಗ ಆಗ್ಲಿ. ನಾಳೆ ಸ್ವಾಮಾರ, ಮುಂಜಾನೆ ತಗಿ.”

ಗೆದ್ದ ಖುಷಿಯಲ್ಲಿ ನಾನು ಕಾಕಾನ ಕಡೆ ತಿರುಗಿದೆ. ಅವನು ಹಳೆಯ ಕ್ಯಾಮೆರಾದ ಮುಚ್ಚಳವನ್ನು ತೆಗೆಯುತ್ತಿದ್ದ, ಹಾಕುತ್ತಿದ್ದ, ತೆಗೆಯುತ್ತಿದ್ದ.

ಸೋಮವಾರ ಬೆಳಿಗ್ಗೆ ಅಜ್ಜಿ ಇಳಕಲ್ ಸೀರೆ ಉಟ್ಟು, ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿ, ಅಂಗಳದ ಕುರ್ಚಿಯಲ್ಲಿ ಕುಳಿತಳು. ಎಳೆಬಿಸಿಲು ಅವಳ ಎಡಗೆನ್ನೆಯ ಮೇಲಿತ್ತು. ಇಂಥ ಬೆಳಕಿಗಾಗಿ ಕಾಕಾ ಬೇರೆಯವರ ಮನೆಗಳಲ್ಲಿ ಗಂಟೆಗಟ್ಟಲೆ ಕಾದದ್ದನ್ನು ನಾನೇ ಕಂಡಿದ್ದೇನೆ.

“ಬೆಳಕು ಸರಿ ಇಲ್ಲ” ಎಂದ ಕಾಕಾ.

“ಸರಿ ಐತಿ” ಎಂದೆ ನಾನು.

“ಕಾರ್ಡ್ ತುಂಬೇತಿ ಕಾಣತೈತಿ.”

“ನಿನ್ನೆ ಸಂಜಿಮುಂದ ನಾನ ಖಾಲಿ ಮಾಡೇನಿ.”

ಕಾಕಾ ಕೊನೆಗೆ ಹೊಸ ಕ್ಯಾಮೆರಾ ಎತ್ತಿದ. ನಾನು ಅವನ ಭುಜದ ಹಿಂದೆ ನಿಂತು ಪರದೆ ನೋಡಿದೆ. ಚೌಕ ಬಂತು. ಅಜ್ಜಿಯ ಕಣ್ಣನ್ನು ಹುಡುಕಿಕೊಂಡು, ಹಿಡಿದು ನಿಂತಿತು. ಕಾಕಾನ ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಅವನ ಎರಡೂ ಕೈ ನಡುಗುತ್ತಿದ್ದವು. ಪರದೆಯ ಮೇಲೆ ಮಾತ್ರ ಅಜ್ಜಿ ಅಲುಗಾಡದೆ ಕುಳಿತಿದ್ದಳು. ನಾನು ಪಡಸಾಲೆಯಲ್ಲಿ ಅಲ್ಲಾಡಿಸಿ ತೋರಿಸಿದ್ದು ಇದನ್ನೇ ಅಲ್ಲವೇ?

ಕಾಕಾ ಹಿಂತಿರುಗಿ ನನ್ನನ್ನು ನೋಡಿದ. ಸೋತ ಎದುರಾಳಿಗಳ ಮುಖ ನಾನು ಬೇಕಾದಷ್ಟು ನೋಡಿದ್ದೇನೆ, ನೋಡಿ ಸಂತೋಷವನ್ನೂ ಪಟ್ಟಿದ್ದೇನೆ. ಇದು ಆ ಮುಖ ಅಲ್ಲ. ಇಷ್ಟು ದಿನ ಅವನು ಎರಡು ಕ್ಯಾಮೆರಾಗಳನ್ನು ತೂಗುತ್ತಿರಲೇ ಇಲ್ಲ. ತೂಗುವುದು ಮುಗಿಯದಂತೆ ನೋಡಿಕೊಳ್ಳುತ್ತಿದ್ದ. ಅದು ಮುಗಿಯುವವರೆಗೆ ಫೋಟೋ ಇಲ್ಲ; ಫೋಟೋ ಇಲ್ಲದಿರುವವರೆಗೆ ಅಜ್ಜಿ… ಈ ತರ್ಕದಲ್ಲಿ ಹುರುಳಿಲ್ಲ, ನನಗೆ ಗೊತ್ತು. ಒಂದೇ ವಾಕ್ಯದಲ್ಲಿ ಇದನ್ನು ಮುರಿದು ಹಾಕಬಲ್ಲೆ.

“ಅಧ್ಯಕ್ಷರ” ಎಂದೆ. “ನಿನ್ನಿ ತೀರ್ಪಿನ ಮ್ಯಾಲ ನಂದೊಂದು ತಕರಾರು ಐತಿ.”

ಕಾಕಾ ಕ್ಯಾಮೆರಾ ಇಳಿಸಿದ. “ನಿಂದು? ಲೇ, ಗೆದ್ದಾಕಿ ನೀನ ಅಲ್ಲೇನು?”

“ಗೆದ್ದವ್ರಿಗೆ ತಕರಾರು ಇರಬಾರದೇನು? ಹಳೇ ಕ್ಯಾಮೆರಾದ ಪರವಾಗಿ ಯಾರೂ ಸರಿಯಾಗಿ ಮಾತಾಡಿಲ್ಲ. ಅನ್ಯಾಯ ಆಗೇತಿ. ಮೊದಲನೇದು, ಅದರ ಗಾಲಿ ಕಾಕಾನ ಬಟ್ಟಿಗೆ ಗೊತ್ತೈತಿ. ಎರಡನೇದು, ಅದು ಹಗರ ಐತಿ. ಮೂರನೇದು…”

ಮೂರನೆಯದು ನನ್ನಲ್ಲಿರಲಿಲ್ಲ. ಆದರೂ ಹೇಳಿದೆ. ನಾಲ್ಕನೆಯದನ್ನೂ ಹೇಳಿದೆ. ನನ್ನ ಜೀವಮಾನದಲ್ಲೇ ಇಷ್ಟು ಕೆಟ್ಟದಾಗಿ ವಾದಿಸಿರಲಿಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ. ಕಾಕಾ ಮೆಟ್ಟಿಲ ಮೇಲೆ ಕುಳಿತು ತಲೆ ಬಗ್ಗಿಸಿ, ಪ್ರತಿಯೊಂದಕ್ಕೂ “ಹೌದು, ಹೌದು” ಎನ್ನುತ್ತಿದ್ದ.

ಅಜ್ಜಿ ನನ್ನನ್ನು ನೋಡಿದಳು. ಮಗನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನೇರ ಕುಳಿತಿದ್ದವಳು ಬೆನ್ನನ್ನು ಕುರ್ಚಿಗೆ ಆನಿಸಿ, ಕಾಲು ನೀಡಿ, ಸೆರಗು ಸಡಿಲ ಮಾಡಿಕೊಂಡಳು.

“ಹೇಳವಾ, ಸಾವಕಾಶ ಹೇಳು” ಎಂದಳು. “ನನಗೇನ ಗಡಿಬಿಡಿ ಇಲ್ಲ.”