ಇಳಿತಕ್ಕೆ ವಾಲುವ ಕಂಬ

ಅನುಮಾನಪಡುವುದಕ್ಕೆಂದೇ ಸಂಬಳ ಕೊಡುವ ಕೆಲಸ ಲೋಕದಲ್ಲಿ ಎರಡೇ ಇರಬೇಕು. ಒಂದು ಪೊಲೀಸರದ್ದು, ಇನ್ನೊಂದು ನನ್ನದು. ಕುಂದಾಪುರದ ಹತ್ತಿರ ನಮ್ಮ ಕುದ್ರುವಿಗೆ, ಅಂದರೆ ಸುತ್ತಲೂ ಹೊಳೆಯಿರುವ ನಡುಗಡ್ಡೆಗೆ, ಇರುವ ಒಂದೇ ಸೇತುವೆಯ ಕಂಬಗಳಿಗೆ ಸೆನ್ಸರುಗಳನ್ನು ಕೂರಿಸಿದ್ದಾರೆ. ಸೇತುವೆ ಎಷ್ಟು ನಡುಗಿತು, ಎಷ್ಟು ವಾಲಿತು ಎಂದು ಅವು ಹೇಳುತ್ತಲೇ ಇರುತ್ತವೆ. ಹೇಳಿದ್ದು ನಿಜವೋ ಸುಳ್ಳೋ ಎಂದು ಕಂಪ್ಯೂಟರಿನ ಮುಂದೆ ಕೂತು ನೋಡುವವನು ನಾನು. ಈ ಚಾಳಿ ಮನೆಗೂ ಬಂದಿದೆ. ಹೆಂಡತಿ ಬಚ್ಚಲಿನಿಂದ "ಹಾಲ್ ಉಕ್ಕತ್ತ್, ಕಾಣಿ" ಎಂದರೆ, ಉಕ್ಕುವುದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಒಲೆ ಆರಿಸುವುದು. ಆಮೇಲೆ ಬೈಗುಳವೂ ಉಕ್ಕುತ್ತದೆ, ಅದಿರಲಿ.

ಇಂಥ ಮಹಾ ಅನುಮಾನಿಗೇ ಮೂರನೆಯ ಕಂಬದ ಸೆನ್ಸರು ಟೋಪಿ ಹಾಕಿತು. ಹೊಳೆಯ ನೀರು ಇಳಿದಾಗ ಕಂಬ ಕೊಂಚ ವಾಲುತ್ತಿತ್ತು, ನೀರು ಏರಿ ಭರತ ಬಂದಾಗ ನೆಟ್ಟಗಾಗುತ್ತಿತ್ತು. ಇಳಿತ ದಿನದಿನಕ್ಕೆ ತಡವಾದಂತೆ ವಾಲುವ ಹೊತ್ತೂ ತಡವಾಗುತ್ತಿತ್ತು. ಕೆಟ್ಟ ಸೆನ್ಸರಿಗೆ ಪಂಚಾಂಗ ಹೇಗೆ ಗೊತ್ತಿರುತ್ತದೆ? ಬುಡದ ಮಣ್ಣೇ ಸಡಿಲವಾಗಿದೆ ಎಂದು ಬೆವರುತ್ತಾ ವರದಿ ಕಳಿಸಿದೆ. ರಾತ್ರಿಯ ಇಳಿತಕ್ಕೆ ಕಂಬ ಯಾಕೆ ವಾಲುವುದಿಲ್ಲ ಎಂಬುದು ಮಾತ್ರ ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಮರುದಿನ ಬೆಳಿಗ್ಗೆ ಸಾಹೇಬರ ಫೋನು ಬಂತು. "ನಾಳೆಯಿಂದ ಬಸ್ಸು ಬಿಡುವುದು ಬೇಡ ಅಂತ ಬರೆಯುತ್ತೇನೆ. ಅದಕ್ಕೆ ಮೊದಲು ಒಮ್ಮೆ ನೋಡಿ ಬನ್ನಿ" ಎಂದರು. ಕುದ್ರುವಿಗೆ ಬರುವುದೇ ಒಂದು ಬಸ್ಸು. ಪೇಟೆಯ ಶಾಲೆಯಲ್ಲಿ ಟೀಚರಾಗಿರುವ ಹೆಂಡತಿ ಕೇಳಿದ್ದೇ ತಡ, "ಬಸ್ ನಿಲ್ಸ್ರೆ ನಾನ್ ಶಾಲಿಗೆ ಈಜ್ಕಂಡ್ ಹೋಪ್ದಾ?" ಎಂದು ಹರಿಹಾಯ್ದಳು.

ಸಂಜೆಯ ಇಳಿತಕ್ಕೆ ಪ್ಯಾಂಟು ಮಡಚಿ ಕೆಸರಿಗಿಳಿದೆ. ನೆರೆಮನೆಯ ಗುಲಾಬಕ್ಕ ಮೂರನೆಯ ಕಂಬದ ಬುಡದಲ್ಲಿ ಚಿಪ್ಪು, ಅಂದರೆ ನಮ್ಮ ಕಡೆ ಸುಕ್ಕ ಎಂಬ ಖಾರದ ಪಲ್ಯ ಮಾಡುವ ಕಪ್ಪೆಚಿಪ್ಪು, ಹೆಕ್ಕುತ್ತಿದ್ದರು. ಗಂಜಿಯ ಬುತ್ತಿ, ನೀರಿನ ಬಾಟಲಿ, ಹೆಕ್ಕಿದ ಚಿಪ್ಪು ಎಲ್ಲ ತುಂಬಿದ ಅವರ ಚೀಲ ನನ್ನ ಸೆನ್ಸರಿನ ಪೆಟ್ಟಿಗೆಯಿಂದ ನೇತಾಡುತ್ತಾ ಅದನ್ನು ಒಂದು ಕಡೆಗೆ ವಾಲಿಸಿತ್ತು!

"ಗುಲಾಬಕ್ಕ, ಇದೆಂತ ಮಾಡ್ರಿ ಮರಾಯ್ರೆ?"

"ಮತ್ತೆಲ್ ಇಡೂದ್? ಕೆಸ್ರಂಗ್ ಇಟ್ರೆ ಗಂಜಿ ಏಡಿ ತಿಂತಿಲ್ಯಾ?"

"ನಿಮ್ ಚೀಲದ್ ದೆಸೆಯಿಂದ ನಾಳೆ ಬಸ್ಸೇ ನಿಲ್ಲತ್ತ್!"

ಅವರ ಮುಖ ಕಪ್ಪಿಟ್ಟಿತು. "ಅಯ್ಯೋ ದೇವ್ರೆ, ಬಸ್ ಇಲ್ದಿರೆ ಚಿಪ್ಪ್ ಪ್ಯಾಟಿಗ್ ಹ್ಯಾಂಗ್ ತಕಂಡ್ ಹೋಪ್ದ್?" ಎನ್ನುತ್ತಾ ಚೀಲ ಕಿತ್ತುಕೊಂಡು, ಸರಸರ ಕೆಸರು ದಾಟಿ ಹೋಗಿಯೇಬಿಟ್ಟರು.

ಬದುಕಿದೆ ಎಂದುಕೊಂಡು ಸಾಹೇಬರಿಗೆ ಫೋನು ಮಾಡಿ ಚೀಲದ ಕತೆ ಹೇಳಿದೆ. "ಈಗ ನನ್ನ ಕಂಪ್ಯೂಟರಿನಲ್ಲಿ ಗೆರೆ ಅಲ್ಲಾಡುವುದೇ ಇಲ್ಲವಲ್ರೀ, ಸೆನ್ಸರು ಸತ್ತಿರಬಹುದು. ಚೀಲವೇ ಕಾರಣ ಅನ್ನುವುದಕ್ಕೆ ಏನು ಸಾಕ್ಷಿ?" ಎಂದರು. ಅನುಮಾನದಲ್ಲಿ ಅವರು ನನಗೂ ಅಪ್ಪ. ಸಾಕ್ಷಿಯ ಚೀಲವೋ ಆಗಲೇ ದಡ ಸೇರಿತ್ತು. ಗತಿಯಿಲ್ಲದೆ ನನ್ನ ಆಫೀಸಿನ ಬ್ಯಾಗನ್ನೇ ನೇತುಹಾಕಿದೆ. ಗೆರೆ ಮಿಸುಕಲಿಲ್ಲವಂತೆ. "ಭಾರ ಸಾಲದು, ಇನ್ನೂ ಹಾಕಿ" ಎಂದರು. ಕೈಗೆ ಸಿಗುವುದು ಚಿಪ್ಪು ಒಂದೇ. ಬಗ್ಗಿ ಬಗ್ಗಿ ಹೆಕ್ಕಿ ಬ್ಯಾಗಿಗೆ ತುಂಬತೊಡಗಿದೆ. ಕೊನೆಗೂ ಸಾಹೇಬರು, "ಹಾಂ, ವಾಲಿತು! ಬಸ್ಸು ಓಡಲಿ ಬಿಡಿ" ಎಂದು ಅಪ್ಪಣೆ ಕೊಟ್ಟರು. ಗೆದ್ದೆ ಎಂದು ತಲೆಯೆತ್ತಿದರೆ, ಪೇಟೆಯಿಂದ ಮರಳುತ್ತಿದ್ದ ಅದೇ ಬಸ್ಸು ನನ್ನನ್ನು ನೋಡಲೆಂದೇ ಸೇತುವೆಯ ಮೇಲೆ ನಿಂತಿದೆ. ಕಿಟಕಿಗೊಂದು ತಲೆ. ನಡುವಿನ ಕಿಟಕಿಯಿಂದ ನನ್ನ ಹೆಂಡತಿ ಊರಿಗೆಲ್ಲ ಕೇಳುವಂತೆ ಕೂಗಿದಳು:

"ಹ್ವಾಯ್, ದೊಡ್ಡ್ ದೊಡ್ಡದ್ ಹೆಕ್ಕಿ, ಸುಕ್ಕ ಮಾಡ್ವ!"