ಮಾಳಿಗೆಯ ಬಕೆಟ್ಟೂ ಜಗತ್ತಿನ ಮಸಿಯೂ

ನನಗೆ ಯಾವುದರ ಮೇಲಾದರೂ ನಂಬಿಕೆ ಬರುವುದು ಅದನ್ನು ಬರೆದಿಟ್ಟುಕೊಂಡ ಮೇಲೆಯೇ. ಹೊಸ ಸಿಲಿಂಡರ್ ಹಚ್ಚಿದ ದಿನ, ನಳಕ್ಕೆ ನೀರು ಬಂದ ಹೊತ್ತು, ಹಾಲಿಗೆ ಕೆನೆ ಕಟ್ಟಿದ್ದು, ಕಟ್ಟದೇ ಇದ್ದದ್ದು ಎಲ್ಲವನ್ನೂ ಮೂಡಲಗಿಗೆ ಸೊಸೆಯಾಗಿ ಬಂದಾಗಿನಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದೇನೆ. ನಮ್ಮ ಯಜಮಾನರು ಇದಕ್ಕೆ ‘ಪಂಚನಾಮೆ’ ಎಂದು ನಗುತ್ತಾರೆ. ನಗಲಿ. ಅವರು ನಕ್ಕ ದಿನವೂ ಅದರಲ್ಲಿದೆ.

ಈ ಗುಣ ಕಂಡೇ ಹುಕ್ಕೇರಿಯಲ್ಲಿರುವ ನಮ್ಮ ಅಣ್ಣನ ಮಗಳು ಸುನಂದಾ ನನ್ನನ್ನು ವಿಜ್ಞಾನಕ್ಕೆ ಎಳೆದಳು. ಅವಳು ಪಿಎಚ್‌ಡಿ ಮಾಡುತ್ತಿದ್ದಾಳೆ. ಹೋದ ದೀಪಾವಳಿಗೆ ಮೊದಲು, ಕಬ್ಬಿನ ಕಟಾವು ಶುರುವಾಗುವ ಹೊತ್ತಿಗೆ, ಒಂದು ಬಿಳಿ ಬಕೆಟ್ಟನ್ನೂ ಕಬ್ಬಿಣದ ಸ್ಟ್ಯಾಂಡನ್ನೂ ಹೊತ್ತುಕೊಂಡು ಬಂದಳು.

“ಅತ್ತಿ, ಗಾಳ್ಯಾಗ ಇಷ್ಟೊಂದು ಹೊಗಿ, ಮಸಿ, ಧೂಳ ಏರತೈತಲ್ಲ, ಅದು ಆಮ್ಯಾಲ ಎಲ್ಲಿ ಹೋಗತೈತಿ ಹೇಳು?”

“ನನ್ನ ಕಪಾಟಿನ ಮ್ಯಾಲ,” ಎಂದೆ.

ಉತ್ತರ ಅರ್ಧ ಸರಿಯಂತೆ. ಒಂದಿಷ್ಟನ್ನು ಮಳೆ ತೊಳೆಯುತ್ತದೆ, ಉಳಿದದ್ದು ತಾನಾಗಿ ಇಳಿದು ಎಲ್ಲೆಂದರಲ್ಲಿ ಕೂರುತ್ತದೆ. ಇಡೀ ಜಗತ್ತಿನ ಗಾಳಿಯ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಎಷ್ಟು ಮಸಿ ಎದ್ದಿತು, ಎಷ್ಟು ಇಳಿಯಿತು ಎಂದು ಹೇಳುತ್ತವಂತೆ. ಅವು ಹೇಳಿದ್ದು ಖರೆಯೋ ಸುಳ್ಳೋ ಎಂದು ಬಕೆಟ್ ಇಟ್ಟು ನೋಡುವುದು ಅವಳ ಕೆಲಸ. ಒಂದು ಬಕೆಟ್ ಹುಕ್ಕೇರಿಯಲ್ಲಿ ಅಣ್ಣನ ಮನೆಗೆ, ಒಂದು ಗೋಕಾಕದಲ್ಲಿ ತಂಗಿಯ ಮನೆಗೆ, ಒಂದು ನಮ್ಮ ಮಾಳಿಗೆಗೆ. ವಾರಕ್ಕೊಮ್ಮೆ ಅದರಲ್ಲಿ ಬಿದ್ದದ್ದನ್ನು ಅವಳು ಕೊಟ್ಟ ನೀರಿನಿಂದ ತೊಳೆದು ಬಾಟಲಿಗೆ ತುಂಬಬೇಕು. ‘ಬಕೆಟ್ ವಾರವಿಡೀ ತೆರೆದೇ ಇತ್ತು, ಯಾರೂ ಮುಟ್ಟಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಕು.

ಅವಳು ಮೊಬೈಲಿನಲ್ಲಿ ತೋರಿಸಿದ ನಕಾಶೆ ನೋಡಿದಾಗಲೇ ನನಗೆ ಸಂಶಯ ಬಂದಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಒಂದೇ ಚೌಕದೊಳಗೆ ಕೂತಿದ್ದವು.

“ನಾವು ಈಗ ಗೋಕಾಕ ಬಿಟ್ಟು ಬ್ಯಾರೆ ತಾಲೂಕು ಆಗೇವಿ. ನಿನ್ನ ಕಂಪ್ಯೂಟರಿಗೆ ಯಾರೂ ಹೇಳಿಲ್ಲೇನು?”

“ಅದಕ್ಕ ತಾಲೂಕು ಕಾಣೂದಿಲ್ಲ ಅತ್ತಿ, ಬರೇ ಚೌಕ ಕಾಣತಾವು.”

ಇಷ್ಟು ದೊಡ್ಡ ತಾಲೂಕು ಕಾಣದ ಕಣ್ಣಿಗೆ ಅಷ್ಟು ಸಣ್ಣ ಮಸಿ ಹೇಗೆ ಕಂಡೀತು?

ಸಂಕ್ರಾಂತಿ ಕಳೆದ ಮೇಲೆ ಸುನಂದಾಳ ಫೋನು ಬಂತು. ಗೋಕಾಕ, ಹುಕ್ಕೇರಿಯ ಬಕೆಟ್ಟುಗಳು ಹೆಚ್ಚುಕಡಿಮೆ ಕಂಪ್ಯೂಟರಿನ ಮಾತನ್ನೇ ಆಡುತ್ತಿದ್ದವು. ಮೂಡಲಗಿಯ ಬಕೆಟ್ಟಿನಲ್ಲಿ ಮಾತ್ರ ಮಸಿ ತೀರ ಕಡಿಮೆ.

“ಒಂದಾ ಕಂಪ್ಯೂಟರ್ ತಪ್ಪ ಲೆಕ್ಕ ಹಾಕೈತಿ, ಇಲ್ಲಾ ಬಕೆಟ್ ಯಾರೋ ಮುಟ್ಯಾರ. ಮೂಡಲಗಿ ಕೈಬಿಡೂಣು ಅನ್ನಾಕತ್ತಾರ ನಮ್ಮ ಸರ್. ಹಂಗಾದ್ರ ನನ್ನ ಈ ಹಂಗಾಮಿನ ಕೆಲಸ ನೀರಾಗ ಹೋತು. ಖರೆ ಹೇಳು ಅತ್ತಿ.”

“ನಾ ಸಹಿ ಮಾಡೇನಿ. ತಪ್ಪ ಕಂಪ್ಯೂಟರಂದ,” ಎಂದೆ.

ಹೇಳಿಯೇನೋ ಹೇಳಿದೆ, ಅವತ್ತಿನಿಂದ ಮನೆಯಲ್ಲಿ ಎಲ್ಲರ ಮೇಲೂ ಕಣ್ಣು. ಯಜಮಾನರು ದಿನಾ ಸಂಜೆ ಮಾಳಿಗೆ ಹತ್ತಿ ಫೋನಿನಲ್ಲಿ ಮಾತಾಡುತ್ತಾರೆ. ಮಾತಾಡುವವರ ಕೈ ಸುಮ್ಮನಿರುವುದಿಲ್ಲ. ಕೇಳಿಯೇಬಿಟ್ಟೆ.

“ನಾ ಬಕೆಟ್ ಮುಟ್ಟೂದು ಜಳಕಕ್ಕ ಅಷ್ಟ,” ಎಂದರು. “ಅದೂ ನೀ ನೀರ ಬಿಟ್ಟ ಮ್ಯಾಲ.”

ಈ ಉತ್ತರ ನನಗೆ ಪೂರ್ತಿ ಸಮಾಧಾನ ಕೊಡಲಿಲ್ಲ. ಮಧ್ಯಾಹ್ನದ ಅಡಿಗೆ ಮುಗಿಸಿ ನೀರಿನ ಟಾಕಿಯ ಹಿಂದೆ ಅಡಗಿ ಕೂತೆ. ಎರಡು ದಿನ ಒಂದು ಕಾಗೆಯ ಹೊರತು ಯಾರೂ ಬರಲಿಲ್ಲ. ಅದೂ ಬಕೆಟ್ಟನ್ನು ನೋಡದೆ ನನ್ನನ್ನೇ ನೋಡಿ ಹೋಯಿತು. ಮೂರನೆಯ ದಿನ ಊರಾಚೆಯ ಹೊಲದಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಗರಿಗೆ, ಬೆಂಕಿ ಹಚ್ಚಿದರು. ಕರಿ ಬೂದಿ ಹಾರತೊಡಗಿದ್ದೇ ತಡ, ಪಕ್ಕದ ಮನೆಯ ಕಾಶವ್ವ ಮೊಣಕಾಲೆತ್ತರದ ಗೋಡೆ ದಾಟಿ ನಮ್ಮ ಮಾಳಿಗೆಗೆ ಬಂದು ಬಕೆಟ್ಟಿನ ಮೇಲೆ ಹಿಟ್ಟು ನಾದುವ ಒಂದು ಅಗಲ ಪರಾತ ಮುಚ್ಚಿದಳು.

“ಕಾಶವ್ವಾ! ಏನ್ ಮಾಡಾಕತ್ತಿ?”

“ಅಯ್ಯ, ಅಲ್ಲೇ ಅದೀರೇನ್ರಿ ಅಕ್ಕಾರ? ಮಸಿ ಹಾರಾಕತ್ತೇತ್ರಿ. ಬಂಗಾರದಂಥಾ ಬಿಳಿ ಬಕೆಟ್, ಹೊಲಸಾದೀತು ಅಂತ ಮುಚ್ಚಿದ್ನಿ.”

“ಎಂದಿನಿಂದ?”

“ದೀಪಾವಳಿಯಿಂದ. ಒಂದಿನಾನೂ ತಪ್ಪಿಸಿಲ್ರಿ!” ಎಂದಳು, ಶಾಭಾಸ್‌ಗಿರಿ ಬೇಕೆಂಬಂತೆ.

ಬಯ್ಯುವುದು ಹೇಗೆ? ನಮ್ಮ ಓಣಿಯಲ್ಲಿ ಹೊಗೆ ಮೊದಲು ಕಂಡವರು ಎಲ್ಲರ ಮಾಳಿಗೆಯ ಶಾವಿಗೆ, ಸಂಡಿಗೆ ಮುಚ್ಚುವುದು ರೂಢಿ. ಯಾರೂ ಯಾರನ್ನೂ ಕೇಳುವುದಿಲ್ಲ. ಅವಳ ಮೆಣಸಿನಕಾಯಿಗೆ ನಾನೇ ಎಷ್ಟು ಸಲ ಚಾದರ ಹೊದಿಸಿದ್ದೇನೆ.

ಸುನಂದಾಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

“ಅತ್ತಿ, ಕಂಪ್ಯೂಟರ್ ತಪ್ಪು ಅಂತ ನಾ ನಮ್ಮ ಸರ್ ಜೋಡಿ ವಾದಾ ಮಾಡಿ ಬಂದೇನಿ. ಅದು ಹ್ಯಾಂಗ ಲೆಕ್ಕ ಹಾಕಿದ್ನಿ ಅಂತ ತೋರಸತೈತಿ, ತಿದ್ದಬಹುದು. ನಿನ್ನ ಸಹಿ ಹ್ಯಾಂಗ ತಿದ್ದಲಿ?”

ಮದುವೆಯಾದಾಗಿನಿಂದ ನನ್ನ ಬರಹವನ್ನು ಯಾರೂ ಹೀಗೆ ಪ್ರಶ್ನಿಸಿರಲಿಲ್ಲ. ಕೊನೆಗೆ ಅವಳ ಸರ್ ದೊಡ್ಡ ಮನಸ್ಸು ಮಾಡಿದರು: ಹಳೆಯದನ್ನೆಲ್ಲ ಹೊಡೆದುಹಾಕಿ, ಇನ್ನೊಂದು ತಿಂಗಳು ಬಕೆಟ್ ಸರಿಯಾಗಿ ನಡೆದರೆ ಮೂಡಲಗಿಯನ್ನು ಉಳಿಸಿಕೊಳ್ಳೋಣ ಎಂದರು. ಕಾಶವ್ವ ಪರಾತವನ್ನು ಅಟ್ಟಕ್ಕೇರಿಸಿದಳು. ಮೊದಲ ಮೂರು ವಾರದ ಬಾಟಲಿಗಳು ಕಂಪ್ಯೂಟರಿನ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದಿಕೊಂಡವು. ಸುನಂದಾ ಕುಣಿದಾಡಿದಳು.

ನನಗೆ ಮಾತ್ರ ಸಮಾಧಾನವಿಲ್ಲ. ನಮ್ಮ ಮನೆಯ ಎರಡು ಗಡಿಯಾರಗಳೇ ಇಂದಿಗೂ ಒಂದೇ ಹೊತ್ತು ತೋರಿಸಿಲ್ಲ. ಎಲ್ಲಿಯದೋ ಕಂಪ್ಯೂಟರೂ ನಮ್ಮ ಬಕೆಟ್ಟೂ ಇಷ್ಟು ಚೆಂದ ಹೊಂದುವುದೆಂದರೆ? ಹೆದರಿದ ಯಾರೋ ಈಗ ಮಸಿ ತಂದು ಹಾಕುತ್ತಿರಬೇಕು. ಕೊನೆಯ ವಾರ ಮತ್ತೆ ಕಾವಲಿಗೆ ಹೋದೆ. ಈ ಸಲ ಟಾಕಿಯ ಹಿಂದಲ್ಲ, ಬಕೆಟ್ಟಿಗೆ ಅಂಟಿಕೊಂಡೇ ಸ್ಟೂಲ್ ಹಾಕಿ ಕೂತೆ. ಬಿಸಿಲು ನೆತ್ತಿ ಸುಡುತ್ತಿತ್ತು. ಯಜಮಾನರ ದೊಡ್ಡ ಛತ್ರಿ ಬಿಚ್ಚಿಕೊಂಡೆ. ದೂರದಲ್ಲಿ ರವದಿಯ ಹೊಗೆ ಏಳುತ್ತಿತ್ತು, ಬೂದಿ ಹಾರಿ ಬರುತ್ತಿತ್ತು. ನಾನು ಮಾತ್ರ ಕಣ್ಣು ಮಿಟುಕಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಆಚೆಯಿಂದ ಕಾಶವ್ವ ಸೆರಗು ಬಾಯಿಗಿಟ್ಟುಕೊಂಡು ನಗುವುದು ಕೇಳಿಸಿತು.

“ಅಕ್ಕಾರ, ನನ್ನ ಪರಾತ ಬ್ಯಾಡಂದು ನೀವ ಛತ್ರಿ ಹಿಡದ ಕುಂತೀರಲ್ರಿ!”

ಕೆಳಗೆ ಬಗ್ಗಿ ನೋಡಿದೆ. ಛತ್ರಿಯ ನೆರಳು ನನ್ನ ಮೇಲೆ ಅರ್ಧ, ಬಕೆಟ್ಟಿನ ಮೇಲೆ ಪೂರ್ತಿ ಬಿದ್ದಿತ್ತು.

ಆ ವಾರದ ಕಾಗದಕ್ಕೆ ಸಹಿ ಹಾಕಲು ಕೈ ಬರಲಿಲ್ಲ. ಅಚ್ಚಾದ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದೆ: ‘ಹನ್ನೊಂದರಿಂದ ಒಂದರವರೆಗೆ ಬಕೆಟ್ ಮುಚ್ಚಿತ್ತು. ಮುಚ್ಚಿದವರು: ಕಾವಲಿಗೆ ಕೂತವರು.’